ಚಾವಣಿ ಎಷ್ಟು ಹಿಮ ಹೊರಬೇಕು? ಅನುಭವಸ್ಥರು ತಿಳಿಸಿ

ಬಾಸ್ಟನ್ ಸಮೀಪ, ಹೊಸ ಮನೆಯವರು: 1962ರ ಮನೆ ಕೊಂಡಿದ್ದೇವೆ. ಅಡುಗೆಮನೆಯ ಹಿಂದೆ, ಎರಡಂತಸ್ತಿನ ಗೋಡೆಗೆ ತಾಗಿದಂತೆ, ಯಾರೋ ಆಮೇಲೆ ಸೇರಿಸಿದ ಚಪ್ಪಟೆ ಚಾವಣಿಯ ಕೋಣೆಯಿದೆ. ನಕ್ಷೆ ಸಿಕ್ಕಿಲ್ಲ. ಜಂತೆ ಬದಲಿಸುವ ಮೊದಲು ಎಷ್ಟು ಹಿಮಭಾರಕ್ಕೆ ಲೆಕ್ಕ ಹಾಕಬೇಕು?

ಫ್ರೇಮಿಂಗ್‌ಹ್ಯಾಮ್ ಗೃಹಿಣಿ: ಲೆಕ್ಕ ಹಾಕದೆ ಕೈ ಸುಟ್ಟುಕೊಂಡವಳು ನಾನು. 2014-15ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 110.6 ಅಂಗುಲ ಹಿಮ ಬಿತ್ತಲ್ಲ, ಆ ಫೆಬ್ರವರಿಯಲ್ಲಿ ಚಾವಣಿ ಭಾರಕ್ಕೆ ಬಾಗಿ ನಮ್ಮ ಹಿಂಬದಿ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಗಾಬರಿಯಾಗಿ ಇಬ್ಬರನ್ನು ಕರೆಸಿ, 900 ಡಾಲರ್ ಕೊಟ್ಟು ಹಿಮ ತೆಗೆಸಿದೆ. ಅವರ ಕಬ್ಬಿಣದ ಸಲಿಕೆ ರಬ್ಬರ್ ಹೊದಿಕೆಯನ್ನು ನಾಲ್ಕು ಕಡೆ ಸೀಳಿತ್ತು. ಗೊತ್ತಾದದ್ದು ಏಪ್ರಿಲ್ ಮಳೆಯಲ್ಲಿ. ಹೊದಿಕೆಗೆ 6,400, ಒಳಸೂರಿಗೆ 2,150, ಬೂಷ್ಟು ಹಿಡಿದ ಹಲಗೆ ಕೀಳಿಸಲು 780. ವಿಮೆಯವರು ಒಂದು ಕಾಸೂ ಕೊಡಲಿಲ್ಲ. ಲೆಕ್ಕ ಆಮೇಲೆ ಹಾಕಿ, ಮೊದಲು ಚಾವಣಿಗೆ ಹತ್ತುವವನ ಕೈಯಲ್ಲಿ ಏನಿದೆ ನೋಡಿ.

ವೃತ್ತಿಯಲ್ಲಿ ಸಿವಿಲ್ ಇಂಜಿನಿಯರ್: ಅಮ್ಮಾ, ಲೆಕ್ಕವನ್ನು ಆಮೇಲೆ ಹಾಕುವುದಲ್ಲ. ನಾನು ಗ್ಯಾರೇಜ್ ಕಟ್ಟುವಾಗ ಸಂಹಿತೆಯಲ್ಲಿ, ಅಂದರೆ ಕಟ್ಟಡ ನಿಯಮಾವಳಿಯಲ್ಲಿ, ಬಾಸ್ಟನ್ನಿನ ನೆಲದ ಹಿಮಭಾರ (ಬಯಲು ನೆಲದ ಮೇಲೆ ನಿಲ್ಲುವ ಹಿಮದ ತೂಕ) ಚದರ ಅಡಿಗೆ 40 ಪೌಂಡ್ ಎಂದಿತ್ತು. ಚಪ್ಪಟೆ ಚಾವಣಿಗೆ 0.7ರಿಂದ ಗುಣಿಸಿದರೆ 28. ನಾನು ಆ ರಿಯಾಯಿತಿ ತೆಗೆದುಕೊಳ್ಳದೆ 40ಕ್ಕೇ ಜಂತೆ ಹಾಕಿಸಿದೆ. ಮರಕ್ಕೆ ಹೆಚ್ಚಾದದ್ದು 1,150 ಡಾಲರ್. ಇಂದಿಗೂ ಆ ಹಣದ ಬಗ್ಗೆ ಹೆಮ್ಮೆಯಿದೆ. ಆಳ ನೋಡಿ ಹೆದರುವವರಿಗೆ ಒಂದು ಮಾತು: ನಾನು ಮಹಡಿಯ ಕಿಟಕಿಯಿಂದ ಕೈಚಾಚಿ ಒಂದು ಚದರ ಅಡಿ ಹಿಮವನ್ನು ಕತ್ತರಿಸಿ ಬಕೆಟ್ಟಿಗೆ ತುಂಬಿ ತೂಗಿದೆ. 19 ಅಂಗುಲ ಹಿಮ 22 ಪೌಂಡ್ ತೂಗಿತು. ಮೂರು ದಿನ ಬಿಟ್ಟು, ಮಳೆ ಬಿದ್ದ ಮೇಲೆ, 16 ಅಂಗುಲ ಹಿಮ 31 ಪೌಂಡ್ ತೂಗಿತು. ಆಳ ಇಳಿದಿತ್ತು, ಭಾರ ಏರಿತ್ತು.

ಬಫಲೋ ನಿವಾಸಿ: 28 ಎಂಬ ಸಂಖ್ಯೆಯನ್ನು ಇಲ್ಲಿ ಬರೆಯಲು ಮನಸ್ಸಾದರೂ ಹೇಗೆ ಬಂತು ಸ್ವಾಮಿ? ನವೆಂಬರ್ 2014ರಲ್ಲಿ ಬಫಲೋದ ದಕ್ಷಿಣಕ್ಕೆ ಐದು ಅಡಿಗೂ ಮೀರಿ ಹಿಮ ಬಿತ್ತು. ನಮ್ಮ ತಗ್ಗು ಚಾವಣಿ ಎತ್ತರದ ಗೋಡೆಗೆ ಆತುಕೊಂಡಿತ್ತು. ಗಾಳಿ ಮೇಲಿನ ಹಿಮವನ್ನೆಲ್ಲ ತಂದು ಆ ಮೂಲೆಗೇ ಒಟ್ಟಿತು. ಮುರಿದದ್ದು ಆ ಮೂಲೆಯ ಐದು ಜಂತೆಗಳು ಮಾತ್ರ, ಉಳಿದ ಚಾವಣಿಗೆ ಏನೂ ಆಗಲಿಲ್ಲ. ದುರಸ್ತಿಗೆ 11,300 ಡಾಲರ್, ಪರವಾನಗಿಗೆ ಏಳು ವಾರ. ಸರಾಸರಿ ಲೆಕ್ಕ ಹೇಳಿದ ಗುತ್ತಿಗೆದಾರ ಆಮೇಲೆ ಫೋನ್ ಎತ್ತಲಿಲ್ಲ.

ಇಂಜಿನಿಯರ್: ನಾನು ಬರೆದದ್ದು 40ಕ್ಕೆ ಕಟ್ಟಿಸಿದೆ ಎಂದು. ಓದಿ ಜಗಳಕ್ಕೆ ಬನ್ನಿ. ಗೋಡೆಯ ಬುಡದ ರಾಶಿಗೆ, ಗೋಡೆಯ ಬಳಿ ಹೆಚ್ಚು, ದೂರ ಹೋದಂತೆ ಇಳಿಯುವ ತ್ರಿಕೋನದ ಪ್ರತ್ಯೇಕ ಲೆಕ್ಕ ಸಂಹಿತೆಯಲ್ಲೇ ಇದೆ; ನಿಮ್ಮ ಗುತ್ತಿಗೆದಾರ ಅದನ್ನು ಬಿಟ್ಟರೆ ಸಂಹಿತೆಯ ತಪ್ಪೇ?

ಬಫಲೋ ನಿವಾಸಿ: ಹಾಗಾದರೆ ಅದನ್ನೇ ಮೊದಲು ಹೇಳಬೇಕಿತ್ತು. ಕೇಳಿದವರ ಕೋಣೆಯೂ ಎತ್ತರದ ಗೋಡೆಗೇ ತಾಗಿದೆ. ನಿಮ್ಮ ಗ್ಯಾರೇಜ್ ಒಂಟಿಯಾಗಿ ನಿಂತಿರಬೇಕು, ಅದಕ್ಕೇ ಉಳಿದಿದೆ.

ಮಡಿಕೇರಿ, ನಿವೃತ್ತ ಯೋಧ: ಅಟಲ್ ಸುರಂಗ ಆಗುವ ಮೊದಲು ಹಿಮಾಚಲದ ಲಾಹೌಲ್‌ನ ಕೇಲಾಂಗ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿನ ಹಳೆಯ ಮನೆಗಳಿಗೆ ಮರದ ತೊಲೆಯ ಮೇಲೆ ಮಣ್ಣು ಬಡಿದ ಚಪ್ಪಟೆ ಮಾಡು. ಹಿಮ ನಿಂತ ಕೂಡಲೇ ಮನೆಮಂದಿ ಮರದ ಸಲಿಕೆ ಹಿಡಿದು ಹತ್ತುತ್ತಾರೆ, ಮರುದಿನಕ್ಕೆ ಉಳಿಸುವುದಿಲ್ಲ. ಹಿಮವನ್ನು ಚಾವಣಿಯ ಮೇಲೆ ವಾರಗಟ್ಟಲೆ ಇಟ್ಟುಕೊಂಡು ತೂಗುವುದು ನನಗೆ ಸರಿಕಾಣುವುದಿಲ್ಲ.

ಫ್ರೇಮಿಂಗ್‌ಹ್ಯಾಮ್ ಗೃಹಿಣಿ: ದಯವಿಟ್ಟು ಯಾರನ್ನೂ ಹತ್ತಿಸಬೇಡಿ ಅಣ್ಣಾ. ಮರುವರ್ಷ ನಮ್ಮವರೇ ಹತ್ತಿ, ಜಾರಿ, ಮಣಿಕಟ್ಟು ಮುರಿದುಕೊಂಡರು. ಈಗ 21 ಅಡಿ ಹಿಡಿಯ ಅಲ್ಯೂಮಿನಿಯಂ ಹಿಮಗೋರೆ ಇದೆ, 68 ಡಾಲರ್. ನೆಲದಲ್ಲೇ ನಿಂತು ಎಳೆಯುತ್ತೇನೆ, ಕೊನೆಯ ಎರಡು ಅಂಗುಲ ಬಿಡುತ್ತೇನೆ.

ಮಿನ್ನೆಸೋಟ, ಶಿವಮೊಗ್ಗ ಮೂಲ: ಚಪ್ಪಟೆ ಚಾವಣಿಯನ್ನೇ ಕಿತ್ತುಹಾಕಿ. ನಾನು 17,500 ಕೊಟ್ಟು ಮಲೆನಾಡಿನ ಮನೆಯಂತೆ ಕಡಿದಾದ ತಗಡಿನ ಮಾಡು ಮಾಡಿಸಿದೆ. ಹಿಮ ನಿಲ್ಲುವುದೇ ಇಲ್ಲ.

ಬಫಲೋ ನಿವಾಸಿ: ನಿಲ್ಲದ ಹಿಮ ಎಲ್ಲಿಗೆ ಬೀಳುತ್ತದೆ? ನಮ್ಮ ಪಕ್ಕದ ಮನೆಯ ತಗಡಿನಿಂದ ಒಮ್ಮೆಲೇ ಜಾರಿದ ರಾಶಿ ಕೆಳಗಿನ ವರಾಂಡದ ಮಾಡನ್ನೇ ಮುರಿಯಿತು. ತಗಡು ಹಾಕಿಸಿದವರೆಲ್ಲ ಹಿಮ ತಡೆಯುವ ಹಲ್ಲುಪಟ್ಟಿಗೆ ಹಣ ಉಳಿಸುತ್ತಾರೆ.

ಮಿನ್ನೆಸೋಟ, ಶಿವಮೊಗ್ಗ ಮೂಲ: ನನ್ನ ಮಾಡಿನ ಕೆಳಗೆ ವರಾಂಡವೂ ಇಲ್ಲ, ಓಡಾಟವೂ ಇಲ್ಲ. ನೋಡದ ಮನೆಯ ಬಗ್ಗೆ ತೀರ್ಪು ಕೊಡಬೇಡಿ.

ಹೊಸ ಮನೆಯವರು: ಗೋಡೆಯ ಬುಡದ ರಾಶಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಗೋಡೆಯಿಂದ ಎಷ್ಟು ಅಡಿಯವರೆಗೆ ಆ ಹೆಚ್ಚಿನ ಭಾರ ಹಿಡಿಯಬೇಕು, ಯಾರಾದರೂ ಹೇಳುತ್ತೀರಾ?

ಇಂಜಿನಿಯರ್: ರಾಶಿಯ ಎತ್ತರದ ಸುಮಾರು ನಾಲ್ಕು ಪಟ್ಟು. ಮೂರು ಅಡಿ ಒಟ್ಟಿದರೆ ಹನ್ನೆರಡು ಅಡಿ. ಗೋಡೆಯ ಎತ್ತರ ತಿಳಿಸಿ.