ತಮ್ಮನ ಸ್ನಾನ ಮುಗಿಯೋದೇ ಇಲ್ಲ, ಇದು ಒಸಿಡಿನಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ತಮ್ಮನಿಗೆ ಇಪ್ಪತ್ತೊಂದು ವರ್ಷ, ಬಿಕಾಂ ಕೊನೆಯ ವರ್ಷ. ಚಿಕ್ಕಂದಿನಿಂದಲೂ ಕ್ಲೀನು ಜಾಸ್ತಿ, ಅಮ್ಮನಿಗೆ ಅದೇ ಹೆಮ್ಮೆ. ಆದರೆ ಈಚೆಗೆ ಬಚ್ಚಲಿಗೆ ಹೋದರೆ ಟ್ಯಾಂಕ್ ಖಾಲಿಯಾಗುವವರೆಗೂ ಆಚೆ ಬರುವುದಿಲ್ಲ. ಬಸ್ಸಿನಲ್ಲಿ ಹಾಕಿಕೊಂಡ ಬಟ್ಟೆ ಮಂಚಕ್ಕೆ ತಾಗಿದರೆ ಬೆಡ್‌ಶೀಟ್ ಒಗೆಯಲೇಬೇಕು. "ಅಮ್ಮಾ, ನಾನು ಆ ಬಾಗಿಲು ಮುಟ್ಟಲಿಲ್ಲ ಅಲ್ವಾ?" ಅಂತ ಕೇಳುತ್ತಲೇ ಇರುತ್ತಾನೆ. ಇಂಟರ್ನಲ್ಸ್ ತಪ್ಪಿಸಿಕೊಂಡ. ಅಪ್ಪ ಬೈಯುತ್ತಾರೆ, ಅವನು ಅಳುತ್ತಾನೆ. ಅಜ್ಜಿ ಮಡಿ ಹುಡುಗ ಅಂತಾರೆ, ಚಿಕ್ಕಪ್ಪ ಕೊಬ್ಬು ಅಂತಾರೆ. ನಾವು ಮನೆಯವರು ಏನು ಮಾಡಬೇಕು?

ಶಿವಮೊಗ್ಗದ ಶಿಕ್ಷಕಿ:

ನೀವು ಬರೆದದ್ದು ಓದಿ ನನ್ನನ್ನೇ ನೋಡಿದ ಹಾಗಾಯಿತು. ಒಸಿಡಿ ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಮಾಡಿದ್ದನ್ನೇ ಪದೇ ಪದೇ ಮಾಡಿಸುವ ಮನಸ್ಸಿನ ಕಾಯಿಲೆ. ಅದು ಹೌದೋ ಅಲ್ಲವೋ ಅಂತ ಡಾಕ್ಟರೇ ಹೇಳಬೇಕು. ಆದರೆ ಅವರು ನೋಡುವ ಒಂದು ಗುರುತು ಇದು: ಈ ಯೋಚನೆ, ಈ ತೊಳೆಯೋದು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುತ್ತಿದೆಯಾ, ಇಲ್ಲ ಓದು, ಕೆಲಸ, ಸಂಸಾರಕ್ಕೆ ಅಡ್ಡ ಬರುತ್ತಿದೆಯಾ? ನಿಮ್ಮ ತಮ್ಮನಿಗೆ ಎರಡೂ ಇದೆ. ವಯಸ್ಸೂ ಅದೇ. ಹೆಚ್ಚಿನವರಿಗೆ ಇದು ಶುರುವಾಗುವುದೇ ಹದಿಹರೆಯದಲ್ಲಿ, ಇಲ್ಲ ಇಪ್ಪತ್ತರ ಆಸುಪಾಸಿನಲ್ಲಿ.

ಇದನ್ನು ಶುಚಿ ಅಂದುಕೊಳ್ಳಬೇಡಿ. ಇದು ಅನುಮಾನದ ಕಾಯಿಲೆ. ಕೈ ಕ್ಲೀನಾಗಿದೆ ಅಂತ ನನ್ನ ಕಣ್ಣಿಗೆ ಕಾಣುತ್ತಿತ್ತು, ಆದರೆ ಒಳಗಿನಿಂದ "ಸಾಕು" ಅನ್ನೋದು ಬರುತ್ತಿರಲಿಲ್ಲ. ಅದು ಬರಲಿ ಅಂತ ಮತ್ತೆ ಸೋಪು ಹಚ್ಚುವುದು. ನೊರೆ ತೊಳೆಯುವಾಗ ಬೆರಳು ಸಿಂಕಿನ ಅಂಚಿಗೆ ತಾಗಿತಾ? ತಾಗಿರಬಹುದು. ಮತ್ತೆ ಮೊಣಕೈಯಿಂದ. ಈಗ ನಲ್ಲಿ ನಿಲ್ಲಿಸಬೇಕು, ಆದರೆ ನಲ್ಲಿ ಮುಟ್ಟಿದ್ದು ಕೊಳಕು ಕೈಯಲ್ಲಿ. ಹಾಗಾದರೆ ನಲ್ಲಿಯನ್ನೂ ತೊಳಿ. ಹುಣಸೆಹಣ್ಣು ಕಿವುಚಿದರೆ ಬೆರಳ ಸಂದಿಯೆಲ್ಲ ಉರಿ ಉರಿ. ಇದೆಲ್ಲ ಅತಿಯಾಯಿತು ಅಂತ ನನಗೆ ಪೂರ್ತಿ ಗೊತ್ತಿತ್ತು. ನಿಮ್ಮ ಚಿಕ್ಕಪ್ಪನಿಗೆ ಇದೊಂದು ಹೇಳಿ: ಗೊತ್ತಿದ್ದೂ ನಿಲ್ಲಿಸಲಾಗದೆ ಇರುವುದೇ ಕಾಯಿಲೆ, ಕೊಬ್ಬಲ್ಲ.

ಡಾಕ್ಟರು ಯೇಲ್-ಬ್ರೌನ್ ಅಂತ ಹತ್ತು ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು 40ಕ್ಕೆ ಅಂಕ ಹಾಕಿದರು. ನನಗೆ 27 ಬಂತು. 24 ಮುಟ್ಟಿದರೆ ತೀವ್ರ ಅಂತೆ. ಜಾಸ್ತಿ ಮಾರ್ಕ್ಸ್ ಬಂದು ಬೇಜಾರಾಗಿದ್ದು ಅದೇ ಮೊದಲು.

ಮಾತ್ರೆಯ ಜೊತೆ ಇಆರ್‌ಪಿ ಅನ್ನುವ ಚಿಕಿತ್ಸೆ ಮಾಡಿದರು. ಭಯ ಹುಟ್ಟಿಸುವುದನ್ನು ಬೇಕಂತಲೇ ಮುಟ್ಟಬೇಕು, ಮುಟ್ಟಿ ತೊಳೆಯದೆ ಕೂರಬೇಕು. ಭಯದ ಪಟ್ಟಿಯನ್ನು ಸೈಕಾಲಜಿಸ್ಟ್ ಮತ್ತು ನಾನು ಕೂತು ಮಾಡಿದೆವು, ಸುಲಭದ್ದು ಕೆಳಗೆ, ಕಷ್ಟದ್ದು ಮೇಲೆ. ಮೊದಲು ಅವರ ರೂಮಿನ ಬಾಗಿಲ ಹಿಡಿ. ಸೈಕಾಲಜಿಸ್ಟ್ ಕೂಡ ನನ್ನ ಜೊತೆಗೇ ಹಿಡಿದರು. ಎದೆ ಡವಡವ, ಬೆರಳುಗಳನ್ನು ಅಗಲಿಸಿಕೊಂಡು ಕೂತಿದ್ದೆ. ಅವರು "ಏನೂ ಆಗಲ್ಲ" ಅಂತ ಒಂದು ಸಲವೂ ಹೇಳಲಿಲ್ಲ, ಎಷ್ಟು ಭಯ ಇದೆ ಅಂತ ಮಾತ್ರ ಕೇಳುತ್ತಿದ್ದರು. ತೊಳೆಯದೆಯೂ ಭಯ ತಾನಾಗಿ ಇಳಿಯಿತು. ಆಮೇಲೆ ಬಸ್ಸಿನ ಕಂಬಿ, ಚಪ್ಪಲಿ ಪಟ್ಟಿ. ಕೊನೆಕೊನೆಗೆ ಚಪ್ಪಲಿ ಮುಟ್ಟಿದ ಕೈಯಲ್ಲೇ ಕೋಡುಬಳೆ. ನಮ್ಮಮ್ಮ ನೋಡಿದ್ದರೆ ಪ್ರಜ್ಞೆ ತಪ್ಪುತ್ತಿದ್ದರು! ನೀವಾಗಿ ನೀವೇ ಮನೆಯಲ್ಲಿ ಅವನಿಗೆ ಬಲವಂತದಿಂದ ಮುಟ್ಟಿಸಲು ಹೋಗಬೇಡಿ. ಅವನು ಒಪ್ಪಿ, ಮೆಟ್ಟಿಲು ಮೆಟ್ಟಿಲಾಗಿ ಆಗಬೇಕಾದ ಕೆಲಸ ಅದು.

ಹೆಂಡತಿಗೆ ಒಸಿಡಿ ಇರುವವರು, ಮೈಸೂರು:

ಮೇಲಿನ ಮೇಡಂ ರೋಗಿಯ ಕಡೆಯಿಂದ ಹೇಳಿದರು, ನಾನು ಮನೆಯವರ ಕಡೆಯಿಂದ ಹೇಳುತ್ತೇನೆ. ನಿಮ್ಮಮ್ಮ "ಮುಟ್ಟಿಲ್ಲಪ್ಪಾ" ಅಂತ ಉತ್ತರ ಕೊಡುತ್ತಾರಲ್ಲ, ಅದೂ ಕೈತೊಳೆದ ಹಾಗೇ. ಎರಡು ನಿಮಿಷ ನೆಮ್ಮದಿ, ಆಮೇಲೆ ಅನುಮಾನ ಇನ್ನೂ ಗಟ್ಟಿಯಾಗಿ ವಾಪಸ್ಸು. ನಮ್ಮನೆಯಲ್ಲಿ ಎಲ್ಲಿಯವರೆಗೆ ಹೋಗಿತ್ತು ಅಂದರೆ, ನಾನು ಆಫೀಸಿನಿಂದ ಬಂದು ಹಿಂಬಾಗಿಲಲ್ಲೇ ಬಟ್ಟೆ ಬದಲಾಯಿಸಬೇಕು. ಹಾಲಿನ ಪ್ಯಾಕೆಟ್ ತೊಳೆದೇ ಒಳಗೆ ತರಬೇಕು. ಮಗಳು ಸ್ಕೂಲ್ ಬ್ಯಾಗನ್ನು ಗೇಟಿನ ಪಕ್ಕ ನೇತುಹಾಕಿ ಬರುತ್ತಿದ್ದಳು. ನೆಂಟರು ಬರೋದೇ ನಿಂತುಹೋಯಿತು. ರೋಗ ಒಬ್ಬರಿಗೆ, ಕಾನೂನು ಮನೆಗೆಲ್ಲ.

ಹಾಗಂತ ನಾಳೆಯಿಂದ ಎಲ್ಲ ಬಂದ್ ಅಂತ ಮಾಡಬೇಡಿ. ನಮ್ಮ ಸಂಬಂಧಿಕರೊಬ್ಬರು ಮಗ ಬಚ್ಚಲಲ್ಲಿದ್ದಾಗ ನೀರಿನ ವಾಲ್ವ್ ತಿರುಗಿಸಿಬಿಟ್ಟರು. ಹುಡುಗ ಸೋಪು ಮೈಯಲ್ಲೇ ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಒಳಗೇ ಕೂತ. ನಾವು ಡಾಕ್ಟರ ಎದುರಿಗೇ ಒಪ್ಪಂದ ಮಾಡಿಕೊಂಡೆವು, ಮೊದಲು ಒಂದೇ ಒಂದು ವಿಷಯಕ್ಕೆ. ಅವಳು ಕೇಳಿದರೆ ನಾನು ಹೇಳುವುದು ಇಷ್ಟೇ: "ಇದು ಒಸಿಡಿ ಕೇಳ್ತಿರೋ ಪ್ರಶ್ನೆ, ಉತ್ತರ ಕೊಡಲ್ಲ ಅಂತ ಮಾತಾಡ್ಕೊಂಡಿದ್ದೀವಿ. ಕಷ್ಟ ಆಗ್ತಿದೆ ಅಂತ ಗೊತ್ತು. ಬಾ, ಸೊಪ್ಪು ಬಿಡಿಸೋಣ." ಮೊದಮೊದಲು ಜಗಳ ಆಯಿತು, ಸುಳ್ಳು ಹೇಳಲ್ಲ. ದನಿ ಏರಿಸಬಾರದು, ಅದೇ ಕಷ್ಟದ್ದು. ನಿಮ್ಮ ತಂದೆಗೂ ಇದನ್ನೇ ಹೇಳಿ. ಬೈದಷ್ಟೂ ಒತ್ತಡ, ಒತ್ತಡ ಹೆಚ್ಚಿದಷ್ಟೂ ತೊಳೆಯೋದು ಜಾಸ್ತಿ.

ಹೆಸರು ಬೇಡ:

ಒಂದು ಸೂಕ್ಷ್ಮ ಮಾತು. ಹೊರಗೆ ಕಾಣುವ ತೊಳೆಯೋದು ಒಸಿಡಿಯ ಒಂದು ಮುಖ ಅಷ್ಟೇ. ನನಗೆ ಹೆರಿಗೆಯಾದ ಮೇಲೆ ಶುರುವಾಯಿತು. ಈಳಿಗೆಮಣೆ ಕಂಡರೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಅನ್ನುವ ಚಿತ್ರ ತಲೆಗೆ ನುಗ್ಗುತ್ತಿತ್ತು. ಈಳಿಗೆಮಣೆಯನ್ನೇ ಅಟ್ಟಕ್ಕೆ ಹಾಕಿಸಿದೆ. ಮಗುವಿನ ಜೊತೆ ಒಬ್ಬಳೇ ಇರುತ್ತಿರಲಿಲ್ಲ. ಮನಸ್ಸಿನೊಳಗೇ ಶ್ಲೋಕ ಹೇಳೋದು, ಒಂದು ಅಕ್ಷರ ತಪ್ಪಿದರೆ ಮೊದಲಿಂದ. ಹೊರಗಿನವರಿಗೆ ನಾನು ಸುಮ್ನೆ ಕೂತ ಹಾಗೆ. ಇಂಥ ಯೋಚನೆ ಬಂದರೆ ಅಂಥವಳೇ ಅಂತ ಅರ್ಥವಲ್ಲ, ಅದು ನನ್ನ ಮನಸ್ಸಿಗೆ ಪೂರ್ತಿ ವಿರುದ್ಧ, ಅದಕ್ಕೇ ಅಷ್ಟು ಹೆದರುತ್ತಿದ್ದೇನೆ ಅಂತ ಡಾಕ್ಟರು ಹೇಳಿದ ದಿನ ಕೂತು ಅತ್ತೆ. ದೇವರ ಬಗ್ಗೆ, ಲೈಂಗಿಕ ವಿಷಯದ ಬಗ್ಗೆ ಅಸಹ್ಯ ಯೋಚನೆ ಬಂದು ನರಳುವವರೂ ಬೇಕಾದಷ್ಟಿದ್ದಾರೆ. ನಿಮ್ಮ ತಮ್ಮನಿಗೂ ಹೇಳಿಕೊಳ್ಳಲಾಗದ್ದು ಏನಾದರೂ ಇರಬಹುದು. ಕೆದಕಬೇಡಿ. "ಏನೇ ಇದ್ದರೂ ಡಾಕ್ಟರು ಇದನ್ನೆಲ್ಲ ಕೇಳಿರ್ತಾರೆ ಕಣೋ" ಅಂದರೆ ಸಾಕು.

ಔಷಧಿ ಅಂಗಡಿಯವರು, ದಾವಣಗೆರೆ:

ಮಾತ್ರೆ ಬಗ್ಗೆ ಜನ ಕೌಂಟರಿನಲ್ಲಿ ಕೇಳುವುದಕ್ಕೆ ಉತ್ತರ. ಫ್ಲುಯಾಕ್ಸೆಟಿನ್, ಸರ್ಟ್ರಲಿನ್, ಫ್ಲುವೋಕ್ಸಮಿನ್ ಇವೆಲ್ಲ ನಿದ್ದೆ ಮಾತ್ರೆಗಳಲ್ಲ, ಚಟ ಹತ್ತುವುದಿಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಒಸಿಡಿಗೆ ಡೋಸ್ ಸಾಮಾನ್ಯವಾಗಿ ಜಾಸ್ತಿ, ಹೆದರಬೇಡಿ. ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೇ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡುವವರೇ ಹೆಚ್ಚು. ಮೊದಲು ಹೊಟ್ಟೆ ತೊಳಸುವುದು, ನಿದ್ದೆ ಏರುಪೇರು ಇರಬಹುದು. 25ರೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ ಜಾಸ್ತಿಯಾದರೆ, ಸಾಯುವ ಮಾತು ಬಂದರೆ, ತಡಮಾಡದೆ ಡಾಕ್ಟರಿಗೆ ಹೇಳಿ. ಗುಣ ಕಂಡ ಮೇಲೂ ವರ್ಷ, ಎರಡು ವರ್ಷ ತೆಗೆದುಕೊಳ್ಳಲು ಹೇಳುತ್ತಾರೆ. ತಾವಾಗಿ ನಿಲ್ಲಿಸಬಾರದು.

ಇನ್ನೊಬ್ಬರು: ನಮ್ಮ ಕಡೆ ಹರಕೆ ಹೊತ್ತು ವಾಸಿಯಾದವರಿದ್ದಾರೆ. ಪ್ರಾಣಾಯಾಮ ಮಾಡಿಸಿ ನೋಡಿ.

ಶಿಕ್ಷಕಿ: ಹರಕೆ ಹೊರಲಿ, ಬೇಡ ಅನ್ನಲ್ಲ. ಆದರೆ ಅದಕ್ಕಾಗಿ ಡಾಕ್ಟರನ್ನು ಮುಂದೂಡಬೇಡಿ. ಒಸಿಡಿ ಇರುವವರ ಕೈಗೆ ಸಿಕ್ಕರೆ ಪ್ರದಕ್ಷಿಣೆಯೂ ಎಣಿಕೆ ತಪ್ಪಿತು ಅಂತ ಮೊದಲಿಂದ ಶುರುವಾಗುತ್ತದೆ, ನಾನು ಮಾಡಿದ್ದೇನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವು ಹಾಸನದ ಕಡೆಯವರು, ಎಲ್ಲಿಗೆ ಹೋಗೋದು? ಅವನಂತೂ ಬರಲ್ಲ ಅಂತಾನೆ. ಹುಚ್ಚಾಸ್ಪತ್ರೆ ಅಂತ ಅಲ್ಲ, ಅಲ್ಲಿನ ಕುರ್ಚಿ ಮುಟ್ಟಬೇಕಲ್ಲ ಅಂತ!

ಮೈಸೂರಿನವರು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರು ಯಾರಾದರೂ ಓದುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಆದರೆ ಶುರು ಮಾಡಲು ಅಷ್ಟು ದೂರ ಬೇಕಿಲ್ಲ, ನಿಮ್ಮೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ ಸಾಕು. ಥೆರಪಿಗೆ ಹೋಗುವಾಗ "ಇಆರ್‌ಪಿ ಮಾಡ್ತೀರಾ?" ಅಂತ ನೇರವಾಗಿ ಕೇಳಿ. ಬರೀ ಧೈರ್ಯ ಹೇಳಿ ಕಳಿಸುವ ಕೌನ್ಸೆಲಿಂಗ್‌ಗೆ ದುಡ್ಡು ಸುರಿಯಬೇಡಿ.

ಶಿಕ್ಷಕಿ: ಕುರ್ಚಿಯ ಭಯಕ್ಕೆ ನಗು ಬಂತು, ಯಾಕೆಂದರೆ ನಾನು ಹೊರರೋಗಿ ವಿಭಾಗದಲ್ಲಿ ಮಧ್ಯಾಹ್ನದವರೆಗೂ ನಿಂತೇ ಇದ್ದೆ. ಮೊದಲು ಅವನ ಕೈಗೆ ಫೋನ್ ಕೊಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿಸಿ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆ ಅನ್ನೋ ಮಾತಿಗಿಂತ "ಇಂಟರ್ನಲ್ಸ್ ಬರೆಯೋ ಹಾಗಾಗಬೇಕಲ್ವಾ" ಅಂತ ಶುರು ಮಾಡಿ, ಅವನಿಗೂ ಬೇಕಾಗಿರೋದು ಅದೇ. ಒಂದು ವಾರ ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಅವನೇ ಬರೆಯಲಿ. ಡಾಕ್ಟರ ಎದುರು ನಾಚಿಕೆಯಿಂದ ಬಾಯಿ ಬಿಡದಿದ್ದರೆ ಆ ಚೀಟಿ ಕೊಡಬಹುದು. ಮೊದಲ ಸಲ ಅಪ್ಪ ಬೇಡ, ಅಕ್ಕನಾಗಿ ನೀವೇ ಹೋಗಿ. ವಾಪಸ್ ಬಂದ ಮೇಲೆ ಬಟ್ಟೆಯೆಲ್ಲ ಒಗೆಯುತ್ತಾನೆ, ಸ್ನಾನವೂ ಉದ್ದ ಆಗುತ್ತದೆ. ಆಗಲಿ ಬಿಡಿ, ಅವತ್ತು ಟ್ಯಾಂಕ್ ತುಂಬಿಸಿಟ್ಟು ಹೋಗಿ.