ಪ್ರಶ್ನೋತ್ತರ: ಕಾಡಿನ ಬೇಟೆಗೆ ಕೋವಿಯ ನಳಿಗೆ ಎಷ್ಟುದ್ದ ಇರಬೇಕು?

ಪ್ರಶ್ನೆ: ಸರ್, ನಮಸ್ಕಾರ. ಊರು ಸೋಮವಾರಪೇಟೆ ಕಡೆ, ಈಗಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಬೇಟೆ ಲೈಸೆನ್ಸ್ ಸಿಕ್ಕಿದೆ, ಈ ಸಲ ಮೊದಲ ಜಿಂಕೆ ಸೀಸನ್. .308 ತೋಟಾದ ಬೋಲ್ಟ್ ರೈಫಲ್ (ಪ್ರತಿ ಸಲ ಕೈಯಿಂದ ಹಿಡಿ ಎಳೆದು ತೋಟಾ ತುಂಬುವಂಥದ್ದು) ನೋಡಿದೆ. 20 ಇಂಚಿನ ನಳಿಗೆಯದೂ ಇದೆ, 24 ಇಂಚಿನದೂ ಇದೆ. ಉದ್ದ ನಳಿಗೆಯ ಕೋವಿಯೇ ಗುರಿಗೆ ಒಳ್ಳೇದು ಅಂತ ಅಜ್ಜ ಹೇಳ್ತಿದ್ರು. ಯಾವುದು ತಗೊಳ್ಳಲಿ?

ಉತ್ತರ: ಸೈನ್ಯದಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿ ಮಾಡುವವನು, ಆಗಿದ್ದವನು ನಾನು, ನೇರವಾಗಿ ಹೇಳ್ತೀನಿ: 20 ಇಂಚಿನದೇ ತಗೊಳ್ಳಿ.

ಅಜ್ಜ ಹೇಳಿದ್ದು ಅವರ ಕೋವಿಗೆ ಸರಿ. ಅದರಲ್ಲಿ ದುರ್ಬೀನು ಇರಲಿಲ್ಲ. ಮುಂದಿನ ಮಣಿಗೂ ಹಿಂದಿನ ಕಚ್ಚಿಗೂ ದೂರ ಹೆಚ್ಚಿದ್ದಷ್ಟೂ ಕೈಯ ಸಣ್ಣ ತಪ್ಪೂ ಕಣ್ಣಿಗೆ ಕಾಣುತ್ತೆ. ಸ್ಕೋಪ್ ಕೂರಿಸಿದ ಮೇಲೆ ಆ ಲೆಕ್ಕ ಇಲ್ಲ. ಅದೇ ದಪ್ಪದ ಗಿಡ್ಡ ನಳಿಗೆ ಹೆಚ್ಚು ಬಿಗಿ ಇರುತ್ತೆ, ಗುಂಡು ಹೊರಡುವಾಗ ಕಡಿಮೆ ಅದುರುತ್ತೆ.

ಉದ್ದದಿಂದ ಸಿಗೋದು ವೇಗ. ಮದ್ದಿನ ಅನಿಲ ಗುಂಡನ್ನು ಇನ್ನಷ್ಟು ಹೊತ್ತು ತಳ್ಳುತ್ತೆ. .308ರಲ್ಲಿ ಇಂಚಿಗೆ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ ವೇಗ ಅಂದ್ಕೊಳ್ಳಿ. 24 ಇಂಚಿನಲ್ಲಿ 150 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು ಸೆಕೆಂಡಿಗೆ 2800 ಅಡಿ ಹೋದರೆ, 20ರಲ್ಲಿ ಸುಮಾರು 2700. ಎರಡರ ಗುರಿಯನ್ನೂ 100 ಗಜಕ್ಕೆ ಹೊಂದಿಸಿದರೆ, 200 ಗಜದಲ್ಲಿ ಗುಂಡು ಬೀಳುವ ವ್ಯತ್ಯಾಸ ಒಂದು ಇಂಚೂ ಆಗಲ್ಲ. ಜಿಂಕೆಯ ಎದೆಗೂಡಿನ ಜಾಗ ಸುಮಾರು 8 ಇಂಚು. ಅದಕ್ಕಿಂತ, ಮರದ ಸಂದಿನಲ್ಲಿ ಕೋವಿ ಎತ್ತುವಾಗ ನಳಿಗೆ ಕೊಂಬೆಗೆ ತಾಗದಿರೋದು ಮುಖ್ಯ.

ಒಂದು ತೊಂದರೆ ಇದೆ: ಗಿಡ್ಡ ನಳಿಗೆಯ ಸದ್ದು ಜೋರು. ಕಿವಿಗೆ ರಕ್ಷಣೆ ಇಲ್ಲದೆ ಒಂದು ತೋಟಾವನ್ನೂ ಹಾರಿಸಬೇಡಿ.

ಪ್ರಶ್ನೆ: ಹಾಗಾದ್ರೆ ಇನ್ನೂ ಕತ್ತರಿಸಿ ಗಿಡ್ಡ ಮಾಡಿಸಬಹುದಾ?

ಉತ್ತರ: ಬೇಡ. 16 ಇಂಚಿಗಿಂತ ಕಡಿಮೆ ನಳಿಗೆಯ ರೈಫಲ್ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಬೇರೆಯೇ ವರ್ಗ, ಮೊದಲೇ ನೋಂದಣಿ ಬೇಕು. ಇನ್ನು .300 ವಿಂಚೆಸ್ಟರ್ ಮ್ಯಾಗ್ನಮ್ ಥರದ್ದನ್ನು ತಗೊಂಡರೆ ನನ್ನ ಸಲಹೆ ತಿರುಗಾಮುರುಗಾ: ಅದರ ಮದ್ದು ಜಾಸ್ತಿ, ನಿಧಾನಕ್ಕೆ ಉರಿಯುತ್ತೆ, 24ರಿಂದ 26 ಇಂಚು ಬೇಕೇ ಬೇಕು.

ಪ್ರಶ್ನೆ (ಇನ್ನೊಬ್ಬರು): ಸರ್, ಇಲ್ಲಿ ಕೊಡಗಿನಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದಲೇ ನಿಂತಿದೆ, ನಮಗಿರೋದು ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋದು. ನನ್ನ .22 ನಳಿಗೆ ಗಿಡ್ಡ, ಗುಂಡು ಚದುರುತ್ತೆ. ಉದ್ದದ್ದು ತರಲಾ?

ಉತ್ತರ: ತರಬೇಡಿ. .22ರ ಚಿಟಿಕೆ ಮದ್ದು 16 ಇಂಚಿನೊಳಗೇ ಹೆಚ್ಚುಕಡಿಮೆ ಉರಿದು ಮುಗಿಯುತ್ತೆ. ಆಮೇಲೆ ಬರೀ ತಿಕ್ಕಾಟ. ಮೊದಲು ನಳಿಗೆಯ ಬಾಯಿ ನೋಡಿ. ಇಂಥದ್ದೇ ದೂರಿನ ಒಂದು ಕೋವಿ ನನ್ನ ಕೈಗೆ ಬಂದಿತ್ತು. ಖಾಲಿ ಇದೆ ಅಂತ ಎರಡು ಸಲ ನೋಡ್ಕೊಂಡು, ಬೋಲ್ಟ್ ತೆಗೆದಿಟ್ಟು, ಬಾಯಿಯ ಅಂಚಿಗೆ ಹತ್ತಿ ಸವರಿದೆ. ಒಂದೇ ಕಡೆ ಎಳೆ ಸಿಕ್ಕಿಕೊಳ್ತು. ಉಗುರಿಗೂ ತಾಗದಷ್ಟು ಸಣ್ಣ ಗೀರು. ಕ್ಲೀನಿಂಗ್ ರಾಡನ್ನು ಬಾಯಿಯ ಕಡೆಯಿಂದಲೇ ತುರುಕಿ ತುರುಕಿ ಆಗಿದ್ದು. ಗುಂಡು ಹೊರಡುವಾಗ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತೆ. ಲೇತ್‌ನಲ್ಲಿ ಅಂಚು ಹೊಸದಾಗಿ ತೆಗೆಸಿದ ಮೇಲೆ ಗುಂಡುಗಳು ಒತ್ತಾಗಿ ಬೀಳತೊಡಗಿದವು. ನಿಮ್ಮದಕ್ಕೂ ಹತ್ತಿ ಸವರಿ ನೋಡಿ, ಎಳೆ ಸಿಕ್ಕಿದರೆ ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕಿ.