ಕಡಲಿನ ಮರದ ಕೆತ್ತನೆ, ಕೊಡಗಿನ ಮಳೆ

ಮಡಿಕೇರಿಯಿಂದ ಪ್ರಶ್ನೆ:
ಮಂಗಳೂರಿನ ಗೆಳತಿ ಹಲಸಿನ ಮರದಲ್ಲಿ ಕೆತ್ತಿದ ಕಡಲಿನ ಶಿಲ್ಪ ಕೊಟ್ಟಿದ್ದಾಳೆ. ಅಲೆ, ಆಮೆ, ಏಳು ಮೀನು. ನೀಲಿ, ಹಳದಿ, ಕೆಂಪು ಬಣ್ಣ. ತುಂಬಾ ಇಷ್ಟವಾಗಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಎಲ್ಲಿಡಲಿ? ವಾರ್ನಿಷ್ ಹೊಡೆಸಬೇಕಾ?

ಸೋಮವಾರಪೇಟೆಯಿಂದ:
ವಾರ್ನಿಷ್‌ಗೆ ಅವಸರ ಬೇಡ ಅಕ್ಕ, ಮೊದಲು ಜಾಗ ನೋಡಿ. ನಮ್ಮಲ್ಲೂ ಇಂಥದ್ದೇ ಒಂದು ಬಣ್ಣದ ಮೀನಿದೆ. ಮೊದಲ ವರ್ಷ ಹೊರಗೋಡೆಗೆ ತಾಗಿಸಿ ಇಟ್ಟಿದ್ದೆ. ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಬೆನ್ನ ತುಂಬಾ ಬೂಷ್ಟು, ಮುಂದೆ ಒಂದು ಚುಕ್ಕೆಯೂ ಇಲ್ಲ! ಹೊರಗೋಡೆ ತಣ್ಣಗಿರುತ್ತದೆ, ತೇವ ಅಲ್ಲೇ ಕೂರುತ್ತದೆ. ಬೆನ್ನಿಗೆ ಬಣ್ಣವೂ ಇರಲಿಲ್ಲ, ಬರೀ ಮರ. ಈಗ ಒಳಗೋಡೆಯ ಹತ್ತಿರ, ನಾಲ್ಕು ಬೆರಳು ಜಾಗ ಬಿಟ್ಟು ಇಟ್ಟಿದ್ದೇನೆ. ಗಾಳಿ ಆಡುತ್ತದೆ. ಬೂಷ್ಟು ಕಂಡರೆ ಒಣ ಬ್ರಷ್‌ನಿಂದ ಮನೆಯ ಹೊರಗೆ ಉದುರಿಸುತ್ತೇನೆ. ಒದ್ದೆ ಬಟ್ಟೆ ತಾಗಿಸುವುದಿಲ್ಲ, ಕೆಲವು ಬಣ್ಣ ನೀರಿಗೆ ಬಿಡುತ್ತದೆ.

ನನ್ನ ದೊಡ್ಡ ತಪ್ಪು ರೆಕ್ಕೆಯದು. ಅದನ್ನು ಬೇರೆ ಕೆತ್ತಿ ಮರದ ಗೂಟದಲ್ಲಿ ಸಿಕ್ಕಿಸಿದ್ದರು. ಮಳೆಗಾಲದಲ್ಲಿ ಗಟ್ಟಿ, ಫೆಬ್ರವರಿಯಲ್ಲಿ ಅಲ್ಲಾಟ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಅದು ಗೊತ್ತಿಲ್ಲದೆ ಅಂಟು ಸುರಿದು ಬಿಗಿ ಮಾಡಿದೆ. ಮುಂದಿನ ಬೇಸಿಗೆಗೆ ರೆಕ್ಕೆಯ ಬುಡದಿಂದ ಹೊಟ್ಟೆಯ ಹಳದಿವರೆಗೆ ಕೂದಲೆಳೆಯಂಥ ಬಿರುಕು. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮೀನು ಸ್ವಲ್ಪ ಅಲ್ಲಾಡಿದರೆ ಹಾಗೇ ಬಿಡಿ, ದಯವಿಟ್ಟು.

ಪೊನ್ನಂಪೇಟೆಯಿಂದ:
ಮಳೆಗಾಲದಲ್ಲಿ ಬಟ್ಟೆ ಬೀರುವಿನೊಳಗೆ ಬಲ್ಬ್ ಉರಿಸುತ್ತೇವಲ್ವಾ? ಗಾಜಿನ ಕಪಾಟಿನಲ್ಲಿ ಇಡುವುದಾದರೆ ಅದೇ ಉಪಾಯ. ಒಳಗೆ ತಂತಿ ಕಾಯುವ ಹಳೇ ಥರದ ಸಣ್ಣ ಬಲ್ಬೇ ಬೇಕು, ಎಲ್‌ಇಡಿಯಲ್ಲಿ ಆ ಬಿಸಿ ಸಿಗಲ್ಲ. ಶಿಲ್ಪದಿಂದ ದೂರ ಇರಲಿ. ಒಣಗಲಿ ಅಂತ ಒಲೆಯ ಮೇಲೆ ಮಾತ್ರ ಇಡಬೇಡಿ. ಒಂದೇ ಕಡೆ ಬಿಸಿ ತಾಗಿ ಸೀಳುತ್ತದೆ, ಹೊಗೆಗೆ ನೀಲಿ ಮಂಕಾಗುತ್ತದೆ. ಬಿಸಿಲಿಗೂ ಇಡಬೇಡಿ.

ಕುಶಾಲನಗರದಿಂದ:
ನಾನು ಮರಗೆಲಸ ಮಾಡುವವನು. ಬೂಷ್ಟಿಗಿಂತ ನನಗೆ ಹುಳದ ಭಯ ಜಾಸ್ತಿ. ಹಲಸಿನ ಹಳದಿ ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿಗೆ, ಹುಳ ಬೀಳುವುದು ಕಡಿಮೆ, ಹೊರಗಿನ ಬಿಳಿ ಭಾಗಕ್ಕೇ ಬೀಳುವುದು. ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೇ ಶಿಲ್ಪದ ಕೆಳಗೆ ಕಪ್ಪು ಕಾಗದ ಹಾಸಿಡಿ. ಸೂಜಿ ಚುಚ್ಚಿದಂಥ ತೂತು ಕಂಡ ತಕ್ಷಣ ಗಾಬರಿ ಬೇಡ, ಹಳೇದೂ ಇರಬಹುದು. ಕಾಗದ ಒರೆಸಿ ವಾರ ಬಿಟ್ಟು ನೋಡಿ. ಮತ್ತೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳ ಇರುವ ಸಾಧ್ಯತೆ ಜಾಸ್ತಿ. ಆಗ ಬೇರೆ ಮರದ ಸಾಮಾನಿನಿಂದ ದೂರ ಇಟ್ಟು, ಒಂದು ಫೋಟೋ ಹಾಕಿ.